ಆಶ್ರಯ ಕೇಂದ್ರದಿಂದ ತಂದ ಬೆಕ್ಕಿನ ಮರಿಗೆ ಭೇದಿ: ಪಶುವೈದ್ಯೆಗೆ ಪ್ರಶ್ನೆಗಳು

ಚುಕ್ಕಿಯ ಮನೆ: ಡಾಕ್ಟರೇ ನಮಸ್ಕಾರ. ಆಶ್ರಯ ಕೇಂದ್ರದಿಂದ ಎರಡು ತಿಂಗಳ ಮರಿಯನ್ನು ಮೊನ್ನೆ ತಂದೆವು. ಮಲ ಸಡಿಲವಾಗಿದೆ, ಆಟಕ್ಕೇನೂ ಕಡಿಮೆಯಿಲ್ಲ. ಹಾಲು ಕೊಡಬಹುದೇ?

ಪಶುವೈದ್ಯೆ: ಹಸುವಿನ ಹಾಲು ಬೇಡ, ಭೇದಿ ಹೆಚ್ಚುತ್ತದೆ. ಕೇಂದ್ರದಲ್ಲಿ ತಿನ್ನುತ್ತಿದ್ದುದನ್ನೇ ಕೊಡಿ. ಬದಲಿಸುವುದಿದ್ದರೆ ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಬೆರೆಸಿ. ತಾಜಾ ಮಲವನ್ನು ಪರೀಕ್ಷೆಗೆ ಒಯ್ಯಿರಿ. ಜಂತುಹುಳುವಿನ ಔಷಧಿಯನ್ನು ಎರಡು ವಾರದ ಬಳಿಕ ಮತ್ತೆ ಕೊಡಬೇಕು. ಕಾಕ್ಸಿಡಿಯಾ (ಕರುಳಿನಲ್ಲಿರುವ, ಕಣ್ಣಿಗೆ ಕಾಣದ ಪರಾವಲಂಬಿ ಜೀವಿ) ಇದ್ದರೆ ಅದಕ್ಕೆ ಬೇರೆಯೇ ಔಷಧಿ.

ಹಾಸನದ ಸದಸ್ಯ: ಹಾಲಿಗೆ ನೀರು ಬೆರೆಸಿದರೆ?

ಪಶುವೈದ್ಯೆ: ಆಗಲೂ ಅದು ಹಾಲೇ. ಬೇಡ.

ಕರಿಯನ ಅಕ್ಕ: ನಮ್ಮ ಮರಿ ಬಂದು ಐದು ದಿನ. ನಿನ್ನೆ ರಾತ್ರಿಯಿಂದ ಹಳದಿ ನೊರೆ ವಾಂತಿ, ಊಟ ಮುಟ್ಟಿಲ್ಲ. ನೀರಿನ ಬಟ್ಟಲಿನ ಮೇಲೆ ತಲೆ ಬಾಗಿಸಿ ಕುಳಿತಿದೆ, ಕುಡಿಯುತ್ತಿಲ್ಲ. ಭೇದಿ ಈಗಷ್ಟೇ ಶುರುವಾಯಿತು.

ಪಶುವೈದ್ಯೆ: ಭೇದಿಗಿಂತ ಆ ಬಟ್ಟಲಿನ ಸಂಗತಿಯೇ ನನಗೆ ಆತಂಕ ತಂದಿದೆ. ಬಾಯಾರಿಕೆ ಇದೆ, ಓಕರಿಕೆ ಕುಡಿಯಲು ಬಿಡುತ್ತಿಲ್ಲ. ಪ್ಯಾನ್‌ಲ್ಯೂಕೋಪೀನಿಯಾ ಎಂಬ ಬೆಕ್ಕುಗಳ ವೈರಸ್ ರೋಗ ಬಂದ ಮರಿಗಳು ಹೀಗೆ ಕೂರುತ್ತವೆ. ಈ ವೈರಸ್ ಕರುಳಿನ ಒಳಪದರ, ಮೂಳೆಮಜ್ಜೆ ಎರಡನ್ನೂ ಕೆಡಿಸುತ್ತದೆ, ಬಿಳಿ ರಕ್ತಕಣಗಳು ಕುಸಿಯುತ್ತವೆ. ವಾಂತಿ ಮೊದಲು, ಭೇದಿ ಆಮೇಲೆ. ಹಾಗಾಗಿ ಜನ ಅಜೀರ್ಣವೆಂದು ಸುಮ್ಮನಿರುತ್ತಾರೆ. ಒಸಡು ಒಣಗಿ ಬೆರಳಿಗೆ ಅಂಟುತ್ತಿದೆಯೇ? ಹೆಗಲಿನ ಚರ್ಮವನ್ನು ಎತ್ತಿ ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತಿದೆಯೇ? ಹೌದಾದರೆ ಡ್ರಿಪ್ ಬೇಕು. ಬಾಯಿಗೆ ನೀರು ಹಿಂಡಬೇಡಿ, ಶ್ವಾಸಕೋಶಕ್ಕೆ ಹೋದೀತು. ನಾಯಿಗಳ ಪಾರ್ವೊ ಇದರ ಹತ್ತಿರದ ವೈರಸ್, ಅದರ ಪರೀಕ್ಷೆಯ ಕಿಟ್‌ನಲ್ಲೇ ಬೆಕ್ಕಿನ ಮಲವನ್ನೂ ನೋಡಬಹುದು. ನೆಗೆಟಿವ್ ಬಂದರೂ ರಕ್ತಪರೀಕ್ಷೆ ಮಾಡಿಸಿ. ನಾಳೆಯವರೆಗೆ ಕಾಯಬೇಡಿ, ಈಗಲೇ ಹೊರಡಿ. ಮನೆಯಲ್ಲಿ ಬೇರೆ ಬೆಕ್ಕಿದೆಯೇ?

ಅಜ್ಜಿಮದ್ದು: ಬಂದ ಸಂದೇಶ: ‘ಬೆಳ್ಳುಳ್ಳಿ ಜಜ್ಜಿ ಮಜ್ಜಿಗೆಯಲ್ಲಿ ಕುಡಿಸಿ. ಜ್ವರವಿದ್ದರೆ ಕಾಲು ಮಾತ್ರೆ ಪ್ಯಾರಾಸಿಟಮಾಲ್. ಎಲ್ಲರಿಗೂ ಹಂಚಿ.’

ಪಶುವೈದ್ಯೆ: ಹಂಚಬೇಡಿ, ಅಳಿಸಿ. ಬೆಳ್ಳುಳ್ಳಿ, ಈರುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಪ್ಯಾರಾಸಿಟಮಾಲ್ ಕಾಲು ಮಾತ್ರೆಯೇ ಮರಿಯನ್ನು ಕೊಲ್ಲಲು ಸಾಕು.

ಅಜ್ಜಿಮದ್ದು: ನಮ್ಮ ಹಟ್ಟಿಯಲ್ಲಿ ತಲೆತಲಾಂತರದಿಂದ ಬೆಕ್ಕುಗಳಿವೆ. ಒಂದೂ ಡಾಕ್ಟರ ಮುಖ ನೋಡಿಲ್ಲ.

ಹಾಸನದ ಸದಸ್ಯ: ಸತ್ತವುಗಳ ಲೆಕ್ಕ ಇಟ್ಟಿದ್ದೀರಾ?

ಅಜ್ಜಿಮದ್ದು: ಹಾಲಿಗೆ ನೀರು ಬೆರೆಸಲು ಹೊರಟವರಿಂದ ನಾನು ಬುದ್ಧಿ ಕಲಿಯಬೇಕಾಗಿಲ್ಲ.

ಮಡಿಕೇರಿಯ ಸದಸ್ಯೆ: ಮೇಡಂ, ನಮ್ಮ ಮರಿ ಎರಡು ದಿನದಿಂದ ಮಲ ಮಾಡಿಲ್ಲ. ಏನು ಮಾಡಲಿ?

ಹಾಸನದ ಸದಸ್ಯ: ಅಜ್ಜಿಮದ್ದು ಅವರೇ, ನಾನು ಕೇಳಿದೆ, ನೀವು ಕುಡಿಸಿಯೇ ಬಿಡುತ್ತೀರಿ. ವ್ಯತ್ಯಾಸವಿದೆ.

ಕರಿಯನ ಅಕ್ಕ: ಹೊರಟಿದ್ದೇವೆ. ಇನ್ನೊಂದು ಬೆಕ್ಕಿದೆ, ಲಸಿಕೆ ಹಾಕಿಸಿಲ್ಲ.

ಪಶುವೈದ್ಯೆ: ಅದನ್ನು ಬೇರೆ ಕೋಣೆಯಲ್ಲಿಡಿ. ಬಟ್ಟಲು, ಮಲದ ತಟ್ಟೆ ಬೇರೆ. ಅದರ ಲಸಿಕೆಯ ಬಗ್ಗೆಯೂ ಅಲ್ಲೇ ಕೇಳಿ. ನೆಲಕ್ಕೆ ಫಿನಾಯಿಲ್ ಬೇಡ, ಬೆಕ್ಕಿಗೆ ವಿಷ. ಮೊದಲು ಸೋಪಿನಿಂದ ತೊಳೆದು, 1 ಪಾಲು ಬ್ಲೀಚ್‌ಗೆ 32 ಪಾಲು ನೀರು ಬೆರೆಸಿ ಒರೆಸಿ, 10 ನಿಮಿಷ ಬಿಡಿ. ಈ ವೈರಸ್ ಒಂದು ವರ್ಷದವರೆಗೂ ಉಳಿಯಬಲ್ಲದು.

ಚುಕ್ಕಿಯ ಮನೆ: ಆಡಿನ ಹಾಲು?

ಪಶುವೈದ್ಯೆ: ಹಾಲಿನ ಪ್ರಶ್ನೆಗೆ ಇನ್ನು ಉತ್ತರಿಸುವುದಿಲ್ಲ. ಕರಿಯನ ಅಕ್ಕ, ವರದಿ ಬಂದೊಡನೆ ಬಿಳಿ ರಕ್ತಕಣಗಳ ಸಂಖ್ಯೆಯನ್ನು ಇಲ್ಲಿ ಹಾಕಿ.