ಮಗನ ಹುಟ್ಟುಹಬ್ಬಕ್ಕೆ ಕಾಡಿನ ಥೀಮ್: ಏನೇನು ಮಾಡಬಹುದು?

ತೀರ್ಥಹಳ್ಳಿ ಅಮ್ಮ: ಮಗನಿಗೆ ಜನವರಿಯಲ್ಲಿ ಆರು ತುಂಬುತ್ತದೆ. ಕಾಡಿನ ಥೀಮ್ ಬೇಕಂತೆ. ಅಂಗಡಿಯಲ್ಲಿ ಸಿಗುವುದು ಬರೀ ಜಿರಾಫೆ, ಜೀಬ್ರಾ ಇರುವ ಪ್ಲಾಸ್ಟಿಕ್ ಬ್ಯಾನರ್. ಸುತ್ತ ಇಷ್ಟು ಕಾಡಿಟ್ಟುಕೊಂಡು ಅದನ್ನು ಕಟ್ಟಲು ಮನಸ್ಸಿಲ್ಲ. ಮನೆ ಅಂಗಳದಲ್ಲೇ ಮಾಡೋಣ ಅಂತ. ಐಡಿಯಾ ಕೊಡಿ.

ಸಾಗರದ ಅತ್ತೆ: ನಮ್ಮ ಕಾಡಿನವರನ್ನೇ ಕರೆಸಿ! ಸಿಂಗಳೀಕ, ಕೆಂದಳಿಲು, ಮಂಗಟ್ಟೆ ಹಕ್ಕಿ, ಕಾಟಿ (ಕಾಡುಕೋಣ). ಅಡಿಕೆ ಹಾಳೆಯಲ್ಲಿ ಮುಖವಾಡ ಚೆನ್ನಾಗಿ ಬರುತ್ತದೆ. ಒಣ ಹಾಳೆಯನ್ನು ನೀರಲ್ಲಿ ನೆನೆಸಿಡಿ. ಮೆತ್ತಗಾದ ಮೇಲೆ ಕತ್ತರಿಸಿ, ಕಣ್ಣಿಗೆ ತೂತು ಮಾಡಿ, ಭಾರ ಹೇರಿ ಒಣಗಿಸಿ. ಸಿಂಗಳೀಕದ ಮುಖ ಕಪ್ಪು, ಸುತ್ತ ಬೂದು ಕೇಸರ. ತೆಂಗಿನ ನಾರಿಗೆ ಬೂದು ಬಣ್ಣ ಬಳಿದು ಅಂಟಿಸಿದರೆ ಥೇಟ್ ಅದೇ! ಆಟಕ್ಕೂ ಹಾಳೆಯೇ ಇರಲಿ. ಒಬ್ಬರು ಕೂರುವುದು, ಇಬ್ಬರು ಎಳೆಯುವುದು. ಮಕ್ಕಳಿಗೆ ಕೇಕಿನ ನೆನಪೇ ಬರಲ್ಲ ನೋಡಿ.

ಶಿವಮೊಗ್ಗದಿಂದ: ಒಂದು ಮಾತು ಅಕ್ಕ. ಜನವರಿ ಅಂದ್ರೆ ಉಣುಗಿನ, ಅಂದ್ರೆ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆಗಳ ಕಾಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಇವುಗಳಿಂದಲೇ. ಅಲಂಕಾರಕ್ಕೆ ಅಂತ ಕಾಡಿನಿಂದ ತರಗೆಲೆ, ಬಳ್ಳಿ ದಯವಿಟ್ಟು ತರಬೇಡಿ. ಅಂಗಳಕ್ಕೆ ಬಾಳೆ ಎಲೆ, ಹಿತ್ತಲಿನ ಕ್ರೋಟನ್ ಸಾಕು. ಹಾಳೆಯನ್ನೂ ಬಿಸಿನೀರಲ್ಲಿ ತೊಳೆದುಕೊಳ್ಳಿ. ಕಾರು ಇದ್ದರೆ ಬೆಳಿಗ್ಗೆ ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಿ, ತುಂಗೆಯಲ್ಲಿ ಆನೆಗಳ ಸ್ನಾನ ನೋಡಲಿ ಮಕ್ಕಳು.

ತೀರ್ಥಹಳ್ಳಿ ಅಮ್ಮ: ಉಣುಗಿನ ವಿಷಯ ಹೇಳಿದ್ದು ತುಂಬಾ ಒಳ್ಳೆಯದಾಯ್ತು. ಹಾಳೆ ಎತ್ತಿಡಲು ಮಾವನಿಗೆ ಹೇಳಿದ್ದೇನೆ. ತಿಂಡಿಗೆ ಹಲಸಿನೆಲೆಯ ಕೊಟ್ಟೆ ಕಡುಬು, ಕುಡಿಯಲು ಮುರುಗಲು ಶರಬತ್ತು. ಮಗನಿಗೆ ಮಂಗಟ್ಟೆಯೇ ಆಗಬೇಕಂತೆ. ಆ ದೊಡ್ಡ ಕೊಕ್ಕನ್ನು ಹಾಳೆಯಲ್ಲಿ ಹೇಗೆ ಮಡಿಸುವುದು ಅತ್ತೆ?