ಒಂಬತ್ತು ವರ್ಷದ ಮಗನ ಸಿಟ್ಟು: ಹಟವೇ, ಕಾಯಿಲೆಯೇ?

ಪ್ರಶ್ನೆ (ರಾಜಾಜಿನಗರದ ಒಬ್ಬ ತಾಯಿ):
ಡಾಕ್ಟರ್ ಅವರಿಗೆ ನಮಸ್ಕಾರ. ನಮ್ಮ ಮಗನಿಗೆ 9 ವರ್ಷ, ನಾಲ್ಕನೇ ತರಗತಿ. ಒಂದೂವರೆ ವರ್ಷದಿಂದ ವಾರಕ್ಕೆ ನಾಲ್ಕೈದು ಸಲವಾದರೂ, ದೋಸೆಯ ಅಂಚು ಸೀದಿದೆ ಎಂಬಷ್ಟು ಸಣ್ಣ ಕಾರಣಕ್ಕೆ ತಟ್ಟೆ ಎಸೆದು, ತಂಗಿಗೆ ಹೊಡೆದು, ಮುಕ್ಕಾಲು ಗಂಟೆ ಕೂಗಾಡಿ, ಕೊನೆಗೆ ಅಳುತ್ತಾ ಮಲಗಿಬಿಡುತ್ತಾನೆ. ಉಳಿದ ಹೊತ್ತಿನಲ್ಲೂ ಮುಖ ಗಂಟಿಕ್ಕಿಕೊಂಡೇ ಇರುತ್ತಾನೆ. ಶಾಲೆಯಿಂದಲೂ ಇದೇ ದೂರು. ಟಿಸಿ ತೆಗೆದುಕೊಂಡು ಹೋಗಿ ಎನ್ನುತ್ತಿದ್ದಾರೆ. ನಾನು ಸಲುಗೆ ಕೊಟ್ಟು ಕೆಡಿಸಿದೆ ಎಂದು ಅತ್ತೆಯವರು, ಎರಡು ಏಟು ಬಿದ್ದರೆ ಸರಿಹೋಗುತ್ತಾನೆ ಎಂದು ಯಜಮಾನರು ಹೇಳುತ್ತಾರೆ. ನಾನೆಲ್ಲಿ ತಪ್ಪಿದೆ?

ಉತ್ತರ (ಮಕ್ಕಳ ಮನೋವೈದ್ಯೆ):
ನಮಸ್ಕಾರ ಅಮ್ಮ. ಸಲುಗೆಯೊಂದರಿಂದಲೇ ಮಗು ಹೀಗಾಗುವುದಿಲ್ಲ. ಅದೇ ಸಲುಗೆಯಲ್ಲಿ ನಿಮ್ಮ ಮಗಳೂ ಬೆಳೆಯುತ್ತಿದ್ದಾಳೆ ಎಂಬುದನ್ನು ಮನೆಯವರಿಗೆ ನೆನಪಿಸಿ.

ನೀವು ಬರೆದದ್ದರಲ್ಲಿ ನನ್ನ ಗಮನ ಸೆಳೆದದ್ದು ಎಸೆದ ತಟ್ಟೆಯಲ್ಲ, ಉಳಿದ ಹೊತ್ತಿನ ಗಂಟು ಮುಖ. ಹಟದ ಮಗು ಬೇಕಾದದ್ದು ಸಿಕ್ಕೊಡನೆ ನಗುತ್ತದೆ. ಮನಸ್ಸೇ ಬಳಲಿದ ಮಗು ಸಿಕ್ಕಿದ ಮೇಲೂ ನಗುವುದಿಲ್ಲ. ವಾರಕ್ಕೆ ಮೂರು ಅಥವಾ ಹೆಚ್ಚು ಸಲ ಸಿಟ್ಟು ಸ್ಫೋಟಿಸುವುದು, ನಡುವಿನ ದಿನಗಳಲ್ಲೂ ಸಿಡುಕು ಇಳಿಯದಿರುವುದು, 12 ತಿಂಗಳಿಗೂ ಮೀರಿ ಮನೆ, ಶಾಲೆ ಎರಡರಲ್ಲೂ ಹೀಗೇ ನಡೆಯುವುದು, ಇವು 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ ಡಿಸ್ರಪ್ಟಿವ್ ಮೂಡ್ ಡಿಸ್‌ರೆಗ್ಯುಲೇಶನ್ ಡಿಸಾರ್ಡರ್ ಎಂಬ ತೊಂದರೆಯ ಮುಖ್ಯ ಲಕ್ಷಣಗಳು. ಆದರೆ ಇಲ್ಲಿ ಬರೆದದ್ದನ್ನಷ್ಟೇ ಓದಿ ಯಾರೂ ಕಾಯಿಲೆಗೆ ಹೆಸರಿಡಬಾರದು, ನಾನೂ ಇಡುವುದಿಲ್ಲ. ಮಕ್ಕಳಲ್ಲಿ ಖಿನ್ನತೆಯೂ ಅಳುವಿಗಿಂತ ಹೆಚ್ಚಾಗಿ ಸಿಡುಕಾಗಿ ಹೊರಬರಬಹುದು. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ), ಆತಂಕ, ಕಲಿಕೆಯ ತೊಡಕು, ನಿದ್ದೆಗೇಡು, ಶಾಲೆಯಲ್ಲಿ ಯಾರಾದರೂ ಕಾಡುತ್ತಿರುವುದು, ಎಲ್ಲವನ್ನೂ ಎದುರು ಕೂತು ವಿಚಾರಿಸಬೇಕು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವೇ ಇದೆ. ಹೋಗುವ ಮುಂಚೆ ಎರಡು ವಾರ ಒಂದು ನೋಟ್‌ಬುಕ್‌ನಲ್ಲಿ ಸಿಟ್ಟು ಬಂದ ಹೊತ್ತು, ಅದಕ್ಕೆ ಮುಂಚೆ ನಡೆದದ್ದು, ಆಮೇಲೆ ನೀವು ಮಾಡಿದ್ದು, ಹಿಂದಿನ ರಾತ್ರಿಯ ನಿದ್ದೆ ಬರೆದಿಡಿ. ವೈದ್ಯರಿಗೆ ಅದು ಬಹಳ ಉಪಯೋಗವಾಗುತ್ತದೆ.

ಏಟು ಬೇಡ. ಸಿಟ್ಟನ್ನು ಹಿಡಿದುಕೊಳ್ಳಲಾರದ ಮಗುವಿಗೆ ದೊಡ್ಡವರೂ ಹಿಡಿದುಕೊಳ್ಳಲಾರರು ಎಂಬುದನ್ನಷ್ಟೇ ಅದು ಕಲಿಸುತ್ತದೆ. ಶಾಲೆಯ ಮಾತಿಗೆ ಬಂದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ನಿನ ಪ್ರಕಾರ ಪ್ರಾಥಮಿಕ ಶಿಕ್ಷಣ, ಅಂದರೆ ಎಂಟನೇ ತರಗತಿ, ಮುಗಿಯುವವರೆಗೆ ಮಗುವನ್ನು ಹೊರಹಾಕುವಂತಿಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಇದು ಅನ್ವಯಿಸುವುದಿಲ್ಲ. ಜಗಳಕ್ಕೆ ಇಳಿಯದೆ, ತಪಾಸಣೆ ನಡೆಯುತ್ತಿದೆ ಎಂದು ಪತ್ರ ಕೊಟ್ಟು ಸಮಯ ಕೇಳಿ.

ಪ್ರಶ್ನೆ (ಅದೇ ತಾಯಿ):
ಓದಿ ಅಳು ಬಂತು ಮೇಡಂ. ಕೂಗಾಡುವಾಗ ಮೊಬೈಲ್ ಕೊಟ್ಟರೆ ತಕ್ಷಣ ಸುಮ್ಮನಾಗುತ್ತಾನೆ, ಪಕ್ಕದ ಮನೆಯವರಿಗೆ ಹೆದರಿ ಕೊಟ್ಟುಬಿಡುತ್ತೇನೆ. ಆ ಹೊತ್ತಿನಲ್ಲಿ ಬೇರೇನು ಮಾಡಲಿ?

ಉತ್ತರ:
ಆ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಕೂಗಿದರೆ ಮೊಬೈಲ್ ಸಿಗುತ್ತದೆ ಎಂದು ಅವನೂ, ಕೊಟ್ಟರೆ ಕೂಗು ನಿಲ್ಲುತ್ತದೆ ಎಂದು ನೀವೂ ಕಲಿಯುತ್ತಿದ್ದೀರಿ; ಹೀಗೆ ಇಬ್ಬರೂ ಒಂದೇ ಗಾಣ ಸುತ್ತುತ್ತೀರಿ. ಕೊಡುವುದನ್ನು ನಿಲ್ಲಿಸಿದ ಮೊದಲ ದಿನಗಳಲ್ಲಿ ಕೂಗು ಹೆಚ್ಚಾಗಬಹುದು, ಅಲ್ಲಿ ಸೋತು ಕೊಟ್ಟರೆ ಇನ್ನೂ ಜೋರಾಗಿ ಕೂಗಬೇಕೆಂದು ಅವನಿಗೆ ತಿಳಿಯುತ್ತದೆ. ಆದ್ದರಿಂದ ಶುರು ಮಾಡುವ ಮುಂಚೆ ಯಜಮಾನರು, ಅತ್ತೆಯವರು, ನೀವು ಮೂವರೂ ಕೂತು ಒಂದೇ ಮಾತಿಗೆ ಬನ್ನಿ; ಪಕ್ಕದ ಮನೆಯವರಿಗೂ ಮೊದಲೇ ಒಂದು ಮಾತು ಹೇಳಿಡಿ.

ಸಿಟ್ಟು ಏರಿದಾಗ ಬುದ್ಧಿಮಾತು ಕಿವಿಗೆ ಹೋಗುವುದಿಲ್ಲ. ತಂಗಿಯನ್ನು ಬೇರೆ ಕೋಣೆಗೆ ಕಳಿಸಿ, ಎಸೆಯುವಂಥದ್ದನ್ನು ತೆಗೆದಿಟ್ಟು, "ನಾನಿಲ್ಲೇ ಇದ್ದೇನೆ ಕಂದ" ಎಂದಷ್ಟೇ ಹೇಳಿ ಸುಮ್ಮನೆ ಕೂರಿ. ಇಳಿದ ಮೇಲೆ ನೀರು ಕೊಡಿ, ಚೆಲ್ಲಿದ್ದನ್ನು ಇಬ್ಬರೂ ಸೇರಿ ಎತ್ತಿ. ಪಾಠ ಹೇಳುವುದು ಮರುದಿನಕ್ಕಿರಲಿ. ದಿನಕ್ಕೆ ಹದಿನೈದು ನಿಮಿಷ ಅವನು ಹೇಳಿದ ಆಟ ಆಡಿ, ಆಗ ತಿದ್ದಬೇಡಿ. ಸಣ್ಣದಾಗಿ ಕಂಡರೂ ಈ ಹದಿನೈದು ನಿಮಿಷವನ್ನು ನಾನು ಎಲ್ಲಕ್ಕಿಂತ ಹೆಚ್ಚು ನಂಬುತ್ತೇನೆ.

ಪ್ರಶ್ನೆ (ಯಲಹಂಕದ ಒಬ್ಬ ತಂದೆ):
ನಮ್ಮ 13 ವರ್ಷದ ಮಗಳಿಗೆ ಸಿಟ್ಟಿಗೆಂದು ರಿಸ್ಪೆರಿಡೋನ್ ಕೊಟ್ಟಿದ್ದಾರೆ. ಎರಡು ತಿಂಗಳಲ್ಲಿ 4 ಕಿಲೋ ತೂಕ ಏರಿದೆ. ಮಾತ್ರೆ ನಿಲ್ಲಿಸಲೇ? ಈಚೆಗೆ "ನಾನು ಸತ್ತರೆ ನಿಮಗೆ ನೆಮ್ಮದಿ" ಎನ್ನುತ್ತಾಳೆ, ಅದನ್ನು ಸಿಟ್ಟಿನ ಮಾತೆಂದು ಬಿಟ್ಟಿದ್ದೇವೆ.

ಉತ್ತರ:
ನೀವಾಗಿಯೇ ನಿಲ್ಲಿಸಬೇಡಿ ಸರ್. ಈ ಮಾತ್ರೆಯಿಂದ ತೂಕ ಏರುವುದು ಗೊತ್ತಿರುವ ವಿಷಯ. ಬರೆದ ವೈದ್ಯರಿಗೆ ತಿಳಿಸಿ, ರಕ್ತದ ಸಕ್ಕರೆ ಮತ್ತು ಕೊಬ್ಬಿನ ಪರೀಕ್ಷೆ ಮಾಡಿಸಿ, ಪ್ರಮಾಣ ಇಳಿಸುವುದೋ ಬದಲಿಸುವುದೋ ಅವರೇ ನಿರ್ಧರಿಸಲಿ.

ಎರಡನೆಯ ಮಾತನ್ನು ಮಾತ್ರ ಬಿಡಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ಇಂದೇ, ಗದರದೆ, ಮಗಳನ್ನು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮಾತ್ರೆಗಳನ್ನೂ ಫಿನಾಯಿಲನ್ನೂ ಬೀಗದಲ್ಲಿಡಿ, ಒಂಟಿಯಾಗಿ ಬಿಡಬೇಡಿ, ನಾಳೆಯೇ ವೈದ್ಯರಿಗೆ ತೋರಿಸಿ. ರಾತ್ರಿ ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಯಾವ ಹೊತ್ತಿನಲ್ಲೂ ಉಚಿತವಾಗಿ ಕನ್ನಡದಲ್ಲೇ ಮಾತನಾಡುತ್ತಾರೆ. ಸಾಯುವ ಯೋಚನೆ ಬರುತ್ತಿದೆ ಎಂದು ಅವಳು ಹೇಳಿದರೆ ಬೆಳಗಿನವರೆಗೂ ಕಾಯದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.