ಹಿನ್ನೀರಿನ ಸ್ಟೀಲ್ ದೋಣಿ: ಜಿಂಕ್ ಹಾಗೇ ಇದೆ, ತಳ ತುಕ್ಕು ಹಿಡೀತಿದೆ

ಪ್ರಶ್ನೆ (ಶ್ರೀರಂಗಪಟ್ಟಣ)
ನಮಸ್ಕಾರ. ಮಲ್ಪೆ ಕಡೆಯಿಂದ ತಂದ ಹಳೇ ಸ್ಟೀಲ್ ದೋಣಿ ನನ್ನದು. ಕೆಆರ್‌ಎಸ್ ಹಿನ್ನೀರಿನಲ್ಲಿ ಓಡಿಸುತ್ತೇನೆ. ತಳಕ್ಕೆ ಮೂರು ಜಿಂಕ್ ಆನೋಡ್ (ಸ್ಟೀಲ್ ಬದಲು ತಾನು ಸವೆದು ತುಕ್ಕು ತಡೆಯುವ ಲೋಹದ ತುಂಡು) ಬೋಲ್ಟ್ ಹಾಕಿದ್ದಾರೆ. ಬೇಸಿಗೆಯಲ್ಲಿ ನೀರು ಇಳಿದಾಗ ದಡಕ್ಕೆ ಎಳೆದು ನೋಡಿದೆ. ಜಿಂಕ್ ಸ್ವಲ್ಪವೂ ಸವೆದಿಲ್ಲ, ಮೇಲೆ ಬಿಳಿ ಪದರ ಕಟ್ಟಿದೆ. ಆದರೆ ಕಂಚಿನ ಪ್ರೊಪೆಲರ್ ಹತ್ತಿರ ಸ್ಟೀಲ್‌ನಲ್ಲಿ ಗುಂಡಿ ಬಿದ್ದಿವೆ. ಪೇಂಟ್ ಮಾಡುವವರು "ಸವೆದಿಲ್ಲ ಅಂದ್ರೆ ಒಳ್ಳೇದೇ ಅಲ್ವಾ" ಅಂತಾರೆ. ಹೌದಾ?

ಉತ್ತರ (ಹೆಬ್ಬಾಳ, ಮೈಸೂರು)
ಇಲ್ಲ ಸಾರ್. ಆನೋಡ್ ಇರೋದೇ ಸವೆಯೋಕೆ. ಅದು ಹಾಗೇ ಉಳಿದಿದೆ ಅಂದರೆ ಅದರ ಬದಲು ನಿಮ್ಮ ತಳ ಸವೆಯುತ್ತಿದೆ. ಕಂಚು ಪಕ್ಕದಲ್ಲಿದ್ದರೆ ಸ್ಟೀಲ್ ಇನ್ನೂ ಬೇಗ ಹೋಗುತ್ತೆ.

ಜಿಂಕ್ ಸಮುದ್ರದ ಉಪ್ಪುನೀರಿಗೆ ಸರಿ. ಕಾವೇರಿಯಂಥ ಸಿಹಿನೀರಿನಲ್ಲಿ ಅದರ ಮೇಲೆ ಗಟ್ಟಿ ಪದರ ಕೂತು ಕೆಲಸ ನಿಲ್ಲುತ್ತೆ. ಇಲ್ಲಿಗೆ ಬೇಕಾದದ್ದು ಮೆಗ್ನೀಸಿಯಂ. ಮನೆಯ ಗೀಸರ್ ಟ್ಯಾಂಕಿನೊಳಗೆ ಸಾಮಾನ್ಯವಾಗಿ ಇರೋದೂ ಅದರದ್ದೇ ಕಡ್ಡಿ. ಸಿಹಿನೀರಿನಲ್ಲಿ ಆನೋಡ್ ಕೊಡುವ ರಕ್ಷಣೆಯ ಕರೆಂಟ್ ದೂರ ಹರಿಯಲ್ಲ, ಹಾಗಾಗಿ ಒಂದು ದೊಡ್ಡದರ ಬದಲು ಚಿಕ್ಕವನ್ನು ತಳದುದ್ದಕ್ಕೂ ಹಂಚಿ ಹಾಕಿ. ಪ್ರೊಪೆಲರ್ ಹತ್ತಿರ ಜಾಸ್ತಿ ಇರಲಿ.

ಮೊದಲು ಒಂದು ಪರೀಕ್ಷೆ ಮಾಡಿ. ದೋಣಿ ಒಣಗಿರುವಾಗ ಮಲ್ಟಿಮೀಟರ್ ಅನ್ನು ಓಮ್‌ಗೆ ಇಟ್ಟು, ಒಂದು ತುದಿ ಆನೋಡ್‌ಗೆ, ಇನ್ನೊಂದು ಕೆರೆದು ಹೊಳೆಯಿಸಿದ ಸ್ಟೀಲ್‌ಗೆ ಒತ್ತಿ. ಮೀಟರಿನ ಎರಡೂ ತುದಿ ಒಂದಕ್ಕೊಂದು ಮುಟ್ಟಿಸಿದಾಗ ಬರುವಷ್ಟೇ ಬರಬೇಕು.

ಉತ್ತರ (ಮಂಡ್ಯ)
ಹೆಬ್ಬಾಳದ ಅಣ್ಣ ಹೇಳಿದ್ದು ಸರಿ. ನಾನು ಪೈಪ್‌ಲೈನ್ ಕೆಲಸದವನು. ನಮ್ಮಲ್ಲಿ ತಾಮ್ರ-ಮೈಲುತುತ್ತದ ರೆಫರೆನ್ಸ್ ಸೆಲ್ (ಹೋಲಿಸಿ ವೋಲ್ಟೇಜ್ ನೋಡೋ ಸಾಧನ) ಇಟ್ಟು ಅಳೀತೀವಿ, ಸ್ಟೀಲ್ ಮೈನಸ್ 0.85 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ಮೈನಸ್ ಇದ್ದರೆ ರಕ್ಷಣೆ ಸಿಕ್ಕಿದೆ ಅಂತ ಲೆಕ್ಕ. ದೋಣಿ ನೀರಿಗಿಳಿದ ಮೇಲೆ ಹೀಗೇ ನೋಡಬಹುದು. ಗುಂಡಿಯೊಳಗೆ ತುಕ್ಕಿಲ್ಲದೆ ಹೊಳೆಯುತ್ತಿದ್ದರೆ ಮಾತ್ರ ಬ್ಯಾಟರಿ ಕರೆಂಟ್ ಸೋರಿಕೆ ಹುಡುಕಿ. ಆಗ ಯಾವ ಆನೋಡೂ ಸಾಕಾಗಲ್ಲ. ನೀರು ಹೊರಹಾಕುವ ಪಂಪಿನ ವೈರ್‌ನಿಂದ ಶುರು ಮಾಡಿ.

ಪ್ರಶ್ನೆ ಕೇಳಿದವರು
ಗುಂಡಿಯಲ್ಲಿ ಕಂದು ತುಕ್ಕೇ ಇದೆ. ಮೀಟರ್‌ನಲ್ಲಿ ಎರಡು ಸರಿ ಬಂತು, ಪ್ರೊಪೆಲರ್ ಪಕ್ಕದ್ದು ಏನೂ ತೋರಿಸಲಿಲ್ಲ. ಬಿಚ್ಚಿದರೆ ಬೋಲ್ಟ್ ಕೆಳಗೆ ದಪ್ಪ ಎಪಾಕ್ಸಿ ಪೇಂಟ್!

ಉತ್ತರ (ಹೆಬ್ಬಾಳ, ಮೈಸೂರು)
ಆ ಪೇಂಟೇ ಆನೋಡ್ ಸ್ಟೀಲ್‌ಗೆ ತಾಗದಂತೆ ತಡೆದಿದೆ. ಅಲ್ಲಿ ಬರಿ ಸ್ಟೀಲ್‌ವರೆಗೆ ಕೆರೆದು ಹೊಸ ಆನೋಡ್ ಕೂರಿಸಿ. ಆನೋಡ್‌ಗೆ ಯಾವತ್ತೂ ಪೇಂಟ್ ಬಳಿಯಬೇಡಿ. ಮೆಗ್ನೀಸಿಯಂ ಮೇಲೆ ಗ್ರೈಂಡರ್ ಓಡಿಸಬೇಡಿ, ಪುಡಿಗೆ ಬೆಂಕಿ ಹತ್ತುತ್ತೆ. ಮುಂದೆ ದೋಣಿಯನ್ನು ಮತ್ತೆ ಸಮುದ್ರಕ್ಕೆ ಕಳಿಸಿದರೆ ಮೆಗ್ನೀಸಿಯಂ ತೆಗೆದುಬಿಡಿ, ಉಪ್ಪುನೀರಲ್ಲಿ ಬೇಗ ಕರಗುತ್ತೆ, ಪೇಂಟನ್ನೂ ಎಬ್ಬಿಸುತ್ತೆ.